ಕೆಮಿಕಲ್ ಎಂಜಿನಿಯರಿಂಗ್ ಓದುವುದಾದರೆ: ಕೆಲಸ, ಸಂಬಳ ಮತ್ತು ಮೊದಲ ಕಾರ್ಖಾನೆ

ಸಿಇಟಿ ಫಲಿತಾಂಶ ಬರುವ ಹೊತ್ತಿಗೆ ಕೊಡಗಿನಲ್ಲಿ ಮಳೆ ಹಿಡಿದಿರುತ್ತದೆ. ಸುಂಟಿಕೊಪ್ಪದ ಆಚೀಚಿನ ಒಂದಲ್ಲ ಒಂದು ಕುಟುಂಬ ಪ್ರತಿ ವರ್ಷ ಆ ವಾರ ನಮ್ಮ ಮನೆಗೆ ಬರುತ್ತದೆ. ಕೊಡೆ ಮಡಚಿ ಜಗಲಿಯ ಮೂಲೆಗೆ ಒರಗಿಸುತ್ತಾರೆ, ಪ್ಲಾಸ್ಟಿಕ್ ಕವರಿನಿಂದ ಅಂಕಪಟ್ಟಿ ಹೊರತೆಗೆಯುತ್ತಾರೆ. ಕೇಳುವುದು ಒಂದೇ: "ಕಂಪ್ಯೂಟರ್ ಸೀಟು ಸಿಗುವ ಹಾಗಿಲ್ಲ, ಕೆಮಿಕಲ್ ಸಿಗುತ್ತದೆ. ತೆಗೆದುಕೊಂಡರೆ ಸಂಬಳ ಎಷ್ಟು ಬರುತ್ತದೆ?"

ಬಾಯಿಮಾತಿನಲ್ಲಿ ಹೇಳಿದ್ದು ಸಂಪಾಜೆ ಘಾಟಿ ಇಳಿಯುವಷ್ಟರಲ್ಲಿ ಮರೆತುಹೋಗುತ್ತದೆ. ಆದ್ದರಿಂದ ಈ ಸಲ ಬರೆದೇ ಇಡುತ್ತಿದ್ದೇನೆ.

ನನ್ನ ತಂದೆ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ನಾನು 2005ರಲ್ಲಿ ದಾವಣಗೆರೆಯಲ್ಲಿ ಬಿಇ ಮುಗಿಸಿದೆ. ಆರು ವರ್ಷ ಔಷಧದ ಮೂಲವಸ್ತು ತಯಾರಿಸುವ ಕಾರ್ಖಾನೆಯಲ್ಲಿ, ಎಂಟು ವರ್ಷ ಕರಾವಳಿಯ ರಾಸಾಯನಿಕ ಸ್ಥಾವರದಲ್ಲಿ ದುಡಿದೆ. 2019ರಿಂದ ಕುಶಾಲನಗರದ ಕಾಫಿ ಸಂಸ್ಕರಣಾ ಘಟಕವೊಂದರ ತಾಂತ್ರಿಕ ಹೊಣೆ ನನ್ನದು. ಅದರ ಜೊತೆಗೆ ತೋಟಗಳ ಪಲ್ಪಿಂಗ್ ನೀರನ್ನು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯಲು ಬಳಸಿದ ನೀರನ್ನು, ಶುದ್ಧಗೊಳಿಸುವ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ಈ ಇಪ್ಪತ್ತು ವರ್ಷಗಳ ಸಂಬಳದ ಚೀಟಿಗಳೆಲ್ಲ ಒಂದು ಕಡತದಲ್ಲಿವೆ. ಬಂದವರಿಗೆ ಅದನ್ನು ತೆಗೆದು ತೋರಿಸುತ್ತೇನೆ. ಮೊದಲ ಚೀಟಿಯಲ್ಲಿರುವ ಮೊತ್ತ 7,000 ರೂಪಾಯಿ. ಅದೇ ವರ್ಷ ಸಾಫ್ಟ್‌ವೇರ್ ಸೇರಿದ ನನ್ನ ಕೊಠಡಿಯ ಗೆಳತಿಗೆ ಅದರ ಎರಡೂವರೆ ಪಟ್ಟು ಬರುತ್ತಿತ್ತು. ಆರನೆಯ ವರ್ಷದ ಕೊನೆಯಲ್ಲಿ ನನ್ನದು 24,000. ಏಳನೆಯ ವರ್ಷ ಕರಾವಳಿಗೆ ಹೋದಾಗ 41,000. ಈ ಕ್ಷೇತ್ರದ ಸಂಬಳ ಏರುವ ರೀತಿಯೇ ಹೀಗೆ: ಮೊದಲ ಐದಾರು ವರ್ಷ ನೆಲ ಹಿಡಿದು ನಡೆಯುತ್ತದೆ, ಆಮೇಲೆ ಒಮ್ಮೆಲೇ ಮೆಟ್ಟಿಲು ಹತ್ತುತ್ತದೆ. ಯಾವ ಮೆಟ್ಟಿಲು ಸಿಗುತ್ತದೆ ಎನ್ನುವುದು ಆ ಐದಾರು ವರ್ಷ ಯಾವ ಕಾರ್ಖಾನೆಯೊಳಗೆ ಏನು ಕಲಿತಿರಿ ಎನ್ನುವುದರ ಮೇಲೆ ನಿಂತಿದೆ. ಸೀಟು, ಕಾಲೇಜು, ಗೇಟ್ ಪರೀಕ್ಷೆ, ನೇಮಕ ಪತ್ರ ಎಲ್ಲವನ್ನೂ ನಾನು ಈ ಒಂದು ವಿಷಯದ ಸುತ್ತಲೇ ಹೇಳುತ್ತೇನೆ.

ಮೊದಲು ಒಂದು ಲೆಕ್ಕ ಮಾಡಿ ನೋಡಿ

ಕೆಮಿಕಲ್ ಎಂಜಿನಿಯರಿಂಗ್ ಎಂದರೆ ರಸಾಯನಶಾಸ್ತ್ರವಲ್ಲ. ಪಿಯುಸಿಯಲ್ಲಿ ಸಾವಯವ ರಸಾಯನಶಾಸ್ತ್ರ ಇಷ್ಟವಾಯಿತು ಎಂದು ಈ ಶಾಖೆಗೆ ಬಂದು ನಿರಾಶರಾದವರನ್ನು ಕಂಡಿದ್ದೇನೆ. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಆಗುವುದನ್ನು ಸಾವಿರ ಲೀಟರಿನ ಪಾತ್ರೆಯಲ್ಲಿ, ದಿನವೂ, ಅಪಾಯವಿಲ್ಲದೆ, ನಷ್ಟವಿಲ್ಲದೆ ಆಗಿಸುವುದು ನಮ್ಮ ಕೆಲಸ. ಅದರಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಪಾಲೇ ದೊಡ್ಡದು. ಶಾಖ ಎಲ್ಲಿಂದ ಎಲ್ಲಿಗೆ ಹೋಯಿತು, ನೀರು ಎಷ್ಟು ಆವಿಯಾಯಿತು, ಪಂಪ್ ಎಷ್ಟು ಒತ್ತಡ ಕೊಡಬೇಕು ಎಂಬಂಥ ಪ್ರಶ್ನೆಗಳೇ ದಿನವಿಡೀ ಎದುರಾಗುತ್ತವೆ.

ಕೊಡಗಿನ ಮಕ್ಕಳು ಇದನ್ನು ಕಂಡೇ ಬೆಳೆದಿರುತ್ತಾರೆ. ಪಲ್ಪರ್‌ನಿಂದ ಇಳಿದ ಬೀಜ ತೊಟ್ಟಿಯಲ್ಲಿ ಹುಳಿಯುತ್ತದೆ. ಹುಳಿ ಮುಗಿಯಿತೇ ಎಂದು ನೋಡಲು ನನ್ನ ತಂದೆ ಕೋಲು ಚುಚ್ಚಿ ತೆಗೆಯುತ್ತಿದ್ದರು. ಗುಳಿ ಹಾಗೆಯೇ ಉಳಿದರೆ ಲೋಳೆ ಕಳಚಿದೆ, ಇನ್ನು ತೊಳೆಯಬಹುದು ಎಂದು ಅರ್ಥ. ಚಳಿ ಹೆಚ್ಚಿದ ರಾತ್ರಿಗಳಲ್ಲಿ ಹುಳಿ ನಿಧಾನವಾಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಉಷ್ಣಾಂಶ ಇಳಿದಂತೆ ಕ್ರಿಯೆಯ ವೇಗ ಇಳಿಯುವುದನ್ನು ನಾನು ಮೂರನೆಯ ವರ್ಷದ ಪಠ್ಯದಲ್ಲಿ ಸೂತ್ರವಾಗಿ ಓದಿದಾಗ, ತೊಟ್ಟಿಯ ಪಕ್ಕ ಕೋಲು ಹಿಡಿದು ನಿಂತ ಅಪ್ಪನೇ ನೆನಪಾದರು.

ಈಗ ಲೆಕ್ಕ. ತೊಳೆದು ಕಣಕ್ಕೆ ಹಾಕಿದ ಪಾರ್ಚ್‌ಮೆಂಟ್ (ಹೊಟ್ಟು ಸಮೇತದ ಕಾಫಿ ಬೀಜ) 100 ಕಿಲೋ ಇದೆ, ಅದರಲ್ಲಿ ಅರ್ಧ ನೀರು ಎಂದುಕೊಳ್ಳಿ. ತೇವಾಂಶ ಶೇ 10ಕ್ಕೆ ಇಳಿದಾಗ ತೂಕ ಎಷ್ಟು? ಅವಸರದಲ್ಲಿ "60 ಕಿಲೋ" ಎನ್ನುವವರೇ ಹೆಚ್ಚು. ಒಣಗುವಾಗ ಕಳೆದುಹೋಗದೆ ಉಳಿಯುವುದು 50 ಕಿಲೋ ಘನಭಾಗ. ಕೊನೆಯ ತೂಕದಲ್ಲಿ ಅದರ ಪಾಲು ಶೇ 90. 50ನ್ನು 0.9ರಿಂದ ಭಾಗಿಸಿದರೆ 55.6 ಕಿಲೋ. ಅಂದರೆ 44.4 ಕಿಲೋ ನೀರು ಹೋಗಿದೆ. ನಮ್ಮ ವೃತ್ತಿಯಲ್ಲಿ ಇದನ್ನು ಮಾಸ್ ಬ್ಯಾಲೆನ್ಸ್ ಎನ್ನುತ್ತಾರೆ. ಈ ನಾಲ್ಕು ವರ್ಷದ ಓದು ಬಹುಮಟ್ಟಿಗೆ ಇಂಥ ಲೆಕ್ಕಗಳ ವಿಸ್ತಾರ. ಇದನ್ನು ಮಾಡುವಾಗ ನಿಮ್ಮ ಮಗಳ ಮುಖ ಅರಳಿದರೆ ಸೀಟು ತೆಗೆದುಕೊಳ್ಳಿ. ಬೇಸರವಾದರೆ, ರ‍್ಯಾಂಕಿಗೆ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ದಯವಿಟ್ಟು ತೆಗೆದುಕೊಳ್ಳಬೇಡಿ.

ಎಲ್ಲಿ ಓದುವುದು

ಇದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಸುರತ್ಕಲ್‌ನ ಎನ್‌ಐಟಿಕೆಗೆ ಜೆಇಇ ಮೇನ್ ಮೂಲಕ ಹೋಗಬೇಕು. ಅಲ್ಲಿ ಅರ್ಧದಷ್ಟು ಸೀಟು ನಮ್ಮ ರಾಜ್ಯದವರಿಗೆ ಮೀಸಲು. ಸಿಇಟಿ ಮೂಲಕವಾದರೆ ಬೆಂಗಳೂರಿನ ಆರ್‌ವಿ, ಬಿಎಂಎಸ್, ಎಂ.ಎಸ್. ರಾಮಯ್ಯ, ತುಮಕೂರಿನ ಸಿದ್ದಗಂಗಾ, ದಾವಣಗೆರೆಯ ಬಾಪೂಜಿ ಕಾಲೇಜುಗಳಲ್ಲಿ ಈ ಶಾಖೆ ಹಳೆಯದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ ಎಂಬುದನ್ನು ಮೊದಲ ಪಿಯುಸಿಯಲ್ಲಿಯೇ ತಿಳಿದಿರಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆಯಿಂದ ಬೇಸಗೆಯಲ್ಲೇ ತೆಗೆದಿಟ್ಟುಕೊಳ್ಳಿ. ಜೂನ್ ಮಳೆಯಲ್ಲಿ ವಿದ್ಯುತ್ ಕೈಕೊಟ್ಟಾಗ ಆ ಕಾಗದಕ್ಕಾಗಿ ಅಲೆದವರು ನಮ್ಮೂರಲ್ಲಿಯೇ ಇದ್ದಾರೆ. ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರವಾಗಿ ಎರಡನೆಯ ವರ್ಷಕ್ಕೆ ಸೇರಬಹುದು. ಕಾರ್ಖಾನೆಯಲ್ಲಿ ಅಂಥವರ ಕೈ ಬೇಗ ಪಳಗುವುದನ್ನು ನಾನು ಕಂಡಿದ್ದೇನೆ.

ಕಾಲೇಜು ನೋಡಲು ಹೋದಾಗ ಉದ್ಯೋಗ ವಿಭಾಗದ ಹೊಳಪಿನ ಪುಸ್ತಿಕೆ ಕೇಳಬೇಡಿ. ಕಳೆದ ವರ್ಷ ಮುಗಿಸಿದ ಹತ್ತು ಮಂದಿ ಈಗ ಯಾವ ಊರಿನಲ್ಲಿ ಏನು ಮಾಡುತ್ತಿದ್ದಾರೆ ಎಂದು ಕೇಳಿ. ಕಾಲೇಜಿಗೆ ಬರುವ ಕಂಪನಿಗಳಲ್ಲಿ ಎಷ್ಟು ಕಡೆ ಸ್ಥಾವರದ ಕೆಲಸ, ಎಷ್ಟು ಕಡೆ ಸಾಫ್ಟ್‌ವೇರ್ ಎಂದೂ ಕೇಳಿ.

ಕೆಲಸ ಇರುವ ಜಾಗಗಳು

ಕೊಡಗಿನಲ್ಲಿ ರೈಲುಹಳಿಯೇ ಇಲ್ಲ, ಭಾರಿ ಕಾರ್ಖಾನೆಗಳೂ ಇಲ್ಲ. ಆದರೆ ಎರಡೂ ಕಡೆಗೆ ಕೆಲವೇ ಗಂಟೆಗಳ ಹಾದಿಯಲ್ಲಿ ಈ ವೃತ್ತಿಯ ದೊಡ್ಡ ಕೇಂದ್ರಗಳಿವೆ. ಪಶ್ಚಿಮಕ್ಕೆ ಇಳಿದರೆ ಮಂಗಳೂರು: ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಎಂಆರ್‌ಪಿಎಲ್, ಪಣಂಬೂರಿನ ರಸಗೊಬ್ಬರ ಕಾರ್ಖಾನೆ, ಬಾಳದ ಬಿಎಎಸ್‌ಎಫ್. ಪೂರ್ವಕ್ಕೆ ಮೈಸೂರು ದಾಟಿದರೆ ನಂಜನಗೂಡು: ಔಷಧದ ಮೂಲವಸ್ತು, ಬಣ್ಣ, ದಿಢೀರ್ ಕಾಫಿ. ನಮ್ಮ ತೋಟದ ಬೀಜದ ಸಾರವನ್ನು ಬಿಸಿನೀರಿನಲ್ಲಿ ಹಿಂಡಿ, ಸಾಂದ್ರಗೊಳಿಸಿ, ಎತ್ತರದ ಗೋಪುರದಲ್ಲಿ ಸಿಂಪಡಿಸಿ ಪುಡಿಯಾಗಿಸುವ ಕೆಲಸ ಪೂರ್ತಿಯಾಗಿ ಕೆಮಿಕಲ್ ಎಂಜಿನಿಯರಿಂಗ್. ಮೈಸೂರಿನಲ್ಲಿಯೇ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇದೆ. ರಾಜ್ಯದೊಳಗೆ ಸಕ್ಕರೆ, ಎಥೆನಾಲ್, ಸಿಮೆಂಟು, ಕಾಗದ, ಉಕ್ಕಿನ ಕಾರ್ಖಾನೆಗಳಿಗೂ ನಮ್ಮವರು ಬೇಕು. ರಾಜ್ಯದ ಹೊರಗೆ ಹೈದರಾಬಾದಿನ ಔಷಧ ವಲಯ, ಗುಜರಾತಿನ ಅಂಕಲೇಶ್ವರ, ದಹೇಜ್, ಜಾಮ್‌ನಗರ. ಗುಜರಾತಿಗೆ ಹೋಗಲು ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಹಿಂಜರಿಯಬೇಡಿ, ಅಲ್ಲಿನ ಮೂರು ವರ್ಷಕ್ಕೆ ಎಲ್ಲ ಕಡೆಯೂ ಬೆಲೆ ಇದೆ.

ಹೈಡ್ರೋಜನ್, ಬ್ಯಾಟರಿ ಎಂದು ಎಲ್ಲರೂ ಕೇಳುತ್ತಾರೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆ ಅದರ ಗುರಿ. ಒಳ್ಳೆಯದೇ. ಆದರೆ ಅಂಥ ಸ್ಥಾವರಗಳು ಮೊದಲು ಹುಡುಕುವುದು ತೈಲ, ಗೊಬ್ಬರದ ಕಾರ್ಖಾನೆಗಳಲ್ಲಿ ಒತ್ತಡದ ಅನಿಲ ನಿರ್ವಹಿಸಿ ಪಳಗಿದವರನ್ನು. ಹೊಸದಕ್ಕೆ ಹೋಗುವ ದಾರಿಯೂ ಹಳೆಯ ಕಾರ್ಖಾನೆಯ ಮೂಲಕವೇ ಇದೆ.

ಸಂಬಳದ ಮಾತು

ನನ್ನ ಕಣ್ಣಿಗೆ ಬಿದ್ದ ನೇಮಕ ಪತ್ರಗಳನ್ನೇ ಆಧರಿಸಿ ಹೇಳುತ್ತೇನೆ. ಮಧ್ಯಮ ಗಾತ್ರದ ಔಷಧ ಅಥವಾ ಆಹಾರ ಕಾರ್ಖಾನೆ ಹೊಸಬರಿಗೆ ವರ್ಷಕ್ಕೆ 3ರಿಂದ 4.5 ಲಕ್ಷ ಕೊಡುತ್ತದೆ. ದೊಡ್ಡ ಕಂಪನಿ, ಒಳ್ಳೆಯ ಕಾಲೇಜು ಎರಡೂ ಕೂಡಿದರೆ 6ರಿಂದ 9 ಲಕ್ಷ. ಸ್ಥಾವರಗಳ ವಿನ್ಯಾಸ ಮಾಡುವ ಕಚೇರಿಗಳು ಇವೆರಡರ ನಡುವೆ. ಸಾರ್ವಜನಿಕ ವಲಯದ ತೈಲ ಕಂಪನಿಗಳ ಕಥೆ ಬೇರೆ. ಅಲ್ಲಿ ಹಲವು ಕಡೆ ಎಂಜಿನಿಯರ್ ಸೇರುವ ವೇತನ ಶ್ರೇಣಿ 50,000–1,60,000 ರೂಪಾಯಿ. ಅದು ಮೂಲವೇತನ ಮಾತ್ರ, ತುಟ್ಟಿಭತ್ಯೆ ಮತ್ತು ಇತರ ಭತ್ಯೆ ಸೇರಿದರೆ ಮೊದಲ ವರ್ಷವೇ ಹತ್ತು ಲಕ್ಷ ದಾಟುತ್ತದೆ.

ನೇಮಕ ಪತ್ರದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಮನೆಯ ಸಾಲದ ಕಂತು ನಿಗದಿ ಮಾಡುವ ತಪ್ಪು ಮಾಡಬೇಡಿ. 4,20,000 ಎಂದು ಬರೆದಿದೆ ಎನ್ನೋಣ. ತಿಂಗಳಿಗೆ 35,000 ಆಯಿತು. ಅದರಲ್ಲಿ ಶೇ 10 "ಕಾರ್ಯಕ್ಷಮತೆಯ ಪಾಲು", ಅಂದರೆ 3,500 ರೂಪಾಯಿ ವರ್ಷಾಂತ್ಯಕ್ಕೆ, ಅದೂ ಕಂಪನಿ ಕೊಟ್ಟರೆ. ಮೂಲವೇತನ 17,500 ಇದ್ದರೆ ಭವಿಷ್ಯನಿಧಿಗೆ ಕಂಪನಿಯ ಪಾಲು 2,100. ಗ್ರಾಚ್ಯುಟಿಯ ಹೆಸರಿನಲ್ಲಿ ಶೇ 4.81, ಸುಮಾರು 842. ಇವನ್ನು ಕಳೆದರೆ 28,558 ಉಳಿಯಿತು. ಅದರಿಂದ ನಿಮ್ಮ ಪಾಲಿನ ಭವಿಷ್ಯನಿಧಿ 2,100, ವೃತ್ತಿ ತೆರಿಗೆ 200 ಹೋಗುತ್ತದೆ. ಕೈಗೆ ಬರುವುದು 26,258. ನಂಜನಗೂಡಿನಲ್ಲೋ ಮೈಸೂರಿನಲ್ಲೋ ಬಾಡಿಗೆ, ಊಟ ಕಳೆದು ಮನೆಗೆ ಕಳುಹಿಸಲು ಎಷ್ಟು ಉಳಿಯುತ್ತದೆ ಎಂದು ಈಗ ಯೋಚಿಸಿ. ಗ್ರಾಚ್ಯುಟಿ ಸಾಮಾನ್ಯವಾಗಿ ಐದು ವರ್ಷ ದುಡಿದವರಿಗೆ ಸಿಗುವ ಹಣ. ಎರಡು ವರ್ಷಕ್ಕೆ ಬಿಡುವವರು ಅದನ್ನು ತಮ್ಮದೆಂದು ಎಣಿಸಬಾರದು. ಪಾಳಿ ಭತ್ಯೆ, ಕಾರ್ಖಾನೆಯ ಬಸ್ಸು, ಕ್ಯಾಂಟೀನಿನ ಊಟ ಕಾಗದದಲ್ಲಿ ಚಿಕ್ಕದಾಗಿ ಕಂಡರೂ ತಿಂಗಳ ಕೊನೆಯಲ್ಲಿ ದೊಡ್ಡ ಮೊತ್ತ. ಕೇಳಿ ಬರೆಸಿಕೊಳ್ಳಿ.

ಕೆಲಸ ಸಿಗುವವರೆಗೆ ಅಪ್ರೆಂಟಿಸ್ ಆಗುವುದನ್ನು ಕೀಳೆಂದು ಭಾವಿಸಬೇಡಿ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿಯಾಯಿತು. ಹಣ ಕಡಿಮೆ, ನಿಜ. ಆದರೆ ದೊಡ್ಡ ಸ್ಥಾವರದೊಳಗೆ ಒಂದು ವರ್ಷ ನಡೆದಾಡಿದವರಿಗೂ ಬರಿಯ ಅಂಕಪಟ್ಟಿ ಹಿಡಿದವರಿಗೂ ಇರುವ ವ್ಯತ್ಯಾಸ ಸಂದರ್ಶನದ ಐದನೆಯ ನಿಮಿಷದಲ್ಲಿ ಗೊತ್ತಾಗುತ್ತದೆ.

ಅಮೆರಿಕದ ಅಂಕಿ ಹಿಡಿದು ಬರುವವರಿಗೂ ಒಂದು ಮಾತು. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರ ಮೇ ತಿಂಗಳಲ್ಲಿ ಕೆಮಿಕಲ್ ಎಂಜಿನಿಯರ್‌ಗಳ ವಾರ್ಷಿಕ ವೇತನದ ಮಧ್ಯಾಂಕ 1,12,100 ಡಾಲರ್. ಅಂಕಿ ಸರಿಯಾದದ್ದೇ. ಆದರೆ ಅದು ಅಲ್ಲಿ ನೆಲೆಯೂರಿ ದುಡಿಯುತ್ತಿರುವವರೆಲ್ಲರ ನಡುಮಟ್ಟ, ಹೊಸಬರ ಮೊದಲ ಸಂಬಳವಲ್ಲ. ಅದನ್ನು ರೂಪಾಯಿಗೆ ಗುಣಿಸಿ ತೋಟ ಅಡವಿಡುವ ಮುನ್ನ ಓದಿನ ಖರ್ಚು, ವೀಸಾ, ಅಲ್ಲಿನ ಬಾಡಿಗೆ ಎಲ್ಲವನ್ನೂ ಡಾಲರಿನಲ್ಲಿಯೇ ಲೆಕ್ಕ ಹಾಕಿ.

ಗೇಟ್ ಬರೆಯುವುದು

ಸಾರ್ವಜನಿಕ ವಲಯದ ಹಲವು ಕಂಪನಿಗಳ ಬಾಗಿಲು ತೆರೆಯುವುದು ಎಂಜಿನಿಯರಿಂಗ್ ಓದಿದವರಿಗೆ ದೇಶಮಟ್ಟದಲ್ಲಿ ನಡೆಯುವ ಗೇಟ್ ಪರೀಕ್ಷೆ. ನಮ್ಮ ಪತ್ರಿಕೆಯ ಸಂಕೇತ ಸಿಎಚ್. ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಮೂರನೆಯ ವರ್ಷದಲ್ಲಿರುವಾಗಲೇ ಬರೆಯಬಹುದು. ಅನೇಕ ಕಂಪನಿಗಳು ಬಿಇಯಲ್ಲಿ ಶೇ 60 ಅಥವಾ 65 ಅಂಕ ಕೇಳುತ್ತವೆ, ಆದ್ದರಿಂದ ಮೊದಲ ಸೆಮಿಸ್ಟರನ್ನು ಕೈಬಿಡಬೇಡಿ. ಕೆಲವೆಡೆ ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣ ಗುರುತಿಸುವ ಶಕ್ತಿಯನ್ನೂ ನೋಡುತ್ತಾರೆ. ಸಂದೇಹವಿದ್ದರೆ ಎರಡನೆಯ ವರ್ಷದಲ್ಲಿಯೇ ಕಣ್ಣು ಪರೀಕ್ಷಿಸಿಕೊಳ್ಳಿ. ಕೆಲಸ ಸಿಗದಿದ್ದರೂ ಅದೇ ಅಂಕದಿಂದ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ದಾವಣಗೆರೆಯಲ್ಲಿ ನಮಗೆ ಇದನ್ನು ಹೇಳುವವರೇ ಇರಲಿಲ್ಲ. ನನಗೆ ಗೊತ್ತಾಗುವ ಹೊತ್ತಿಗೆ ಪಾಳಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಓದಲು ಕುಳಿತರೆ ಕಣ್ಣು ಮುಚ್ಚುತ್ತಿತ್ತು. ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೊದಲ ಕಾರ್ಖಾನೆಯನ್ನು ಆರಿಸುವುದು

ನನ್ನ ಮೊದಲ ಕಾರ್ಖಾನೆ ನನ್ನ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡಿತು, ಎರಡು ವರ್ಷದ ಬಾಂಡ್ ಬರೆಸಿತು. ಹೆಣ್ಣು ಎಂಬ ಕಾರಣಕ್ಕೆ ಉತ್ಪಾದನಾ ವಿಭಾಗ ಕೊಡಲಿಲ್ಲ. ಕಾರ್ಖಾನೆ ಕಾಯ್ದೆಯಂತೆ ಆಗ ಹೆಂಗಸರಿಗೆ ರಾತ್ರಿ ಪಾಳಿ ಇರಲಿಲ್ಲ, ಆದ್ದರಿಂದ "ನೀವು ಗುಣಮಟ್ಟದ ಪ್ರಯೋಗಾಲಯದಲ್ಲಿ ಕುಳಿತುಕೊಳ್ಳಿ" ಎಂದರು. ಬಡ್ತಿಯೂ ಸಂಬಳ ಏರಿಕೆಯೂ ಇದ್ದದ್ದು ಉತ್ಪಾದನೆಯಲ್ಲಿ. ಹಗಲು ಪಾಳಿಯಲ್ಲಾದರೂ ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಯುವ ದೊಡ್ಡ ಪಾತ್ರೆ) ಬಳಿ ನಿಲ್ಲಲು ಬಿಡಿ ಎಂದು ಹದಿನಾಲ್ಕು ತಿಂಗಳು ಕೇಳಿದೆ. ಕೊನೆಗೆ ಬಿಟ್ಟರು. ಆ ಹದಿನಾಲ್ಕು ತಿಂಗಳು ಪ್ರತಿದಿನ ಊಟದ ವಿರಾಮದಲ್ಲಿ ಸ್ಥಾವರದ ಒಂದೊಂದು ಪೈಪನ್ನು ಹಿಂಬಾಲಿಸಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿದ್ದೆ. ಆ ಪುಸ್ತಕವೇ ಮುಂದೆ ನನಗೆ ಕರಾವಳಿಯ ಕೆಲಸ ಕೊಡಿಸಿತು.

ಕರ್ನಾಟಕದಲ್ಲಿ 2023ರ ತಿದ್ದುಪಡಿ, ಸುರಕ್ಷತೆ ಮತ್ತು ಸಾರಿಗೆಯ ಷರತ್ತುಗಳೊಂದಿಗೆ, ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿ ಪಾಳಿಗೆ ದಾರಿ ಮಾಡಿದೆ. ಹೆಣ್ಣುಮಕ್ಕಳೇ, ಉತ್ಪಾದನೆ ಕೊಡುತ್ತೀರಾ ಎಂದು ಸಂದರ್ಶನದಲ್ಲಿಯೇ ಕೇಳಿ. ಮೂಲ ಅಂಕಪಟ್ಟಿ ಯಾರಿಗೂ ಕೊಡಬೇಡಿ. ತೋರಿಸಿ, ದೃಢೀಕರಿಸಿದ ಪ್ರತಿ ಕೊಡಿ, ಮೂಲವನ್ನು ವಾಪಸು ತನ್ನಿ. ಬಾಂಡ್ ಇದ್ದರೆ ಮೊತ್ತ ಎಷ್ಟು, ಯಾವ ತರಬೇತಿಗೆ ಎಂದು ಬರಹದಲ್ಲಿ ಕೇಳಿ.

ಇನ್ನು ಕಾರ್ಖಾನೆಯನ್ನು ಓದುವ ಬಗೆ. ಸಂದರ್ಶನದ ದಿನ ಸ್ಥಾವರ ತೋರಿಸಲು ವಿನಂತಿಸಿ. ಒಳಗೆ ಹೋದಾಗ ನೆಲ ನೋಡಿ: ಪಂಪುಗಳ ಕೆಳಗೆ ಸೋರಿದ ಗುರುತು ಎಷ್ಟಿದೆ, ಪೈಪುಗಳ ಮೇಲೆ ಹೆಸರು, ಬಾಣದ ಗುರುತು ಇದೆಯೇ, ಕೆಲಸಗಾರರ ಮುಖದ ಮೇಲೆ ಸುರಕ್ಷತಾ ಕನ್ನಡಕ ಇದೆಯೇ ಅಥವಾ ಗೋಡೆಯ ಮೊಳೆಗೆ ನೇತಾಡುತ್ತಿದೆಯೇ. ಕಳೆದ ವರ್ಷ ಸೇರಿದ ತರಬೇತಿಯವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂದು ಕೇಳಿ. ಹೊಸಬರು ಎಷ್ಟನೆಯ ತಿಂಗಳಲ್ಲಿ ಪಾಳಿಯ ಹೊಣೆ ಹೊರುತ್ತಾರೆ ಎಂದು ಕೇಳಿ. "ಮೊದಲ ತಿಂಗಳಿನಿಂದಲೇ" ಎಂಬ ಉತ್ತರ ಬಂದರೆ ಅದು ನಿಮ್ಮ ಮೇಲಿನ ನಂಬಿಕೆಯಲ್ಲ, ಅಲ್ಲಿ ಕಲಿಸುವವರಿಲ್ಲ ಎಂದರ್ಥ. ಟ್ಯಾಂಕಿನೊಳಗೆ ಇಳಿಯುವ ಮುನ್ನ ಅನುಮತಿ ಚೀಟಿಗೆ ಯಾರು ಸಹಿ ಮಾಡುತ್ತಾರೆ, ಸಹಿ ಮಾಡುವವರು ಸ್ಥಳಕ್ಕೆ ಬಂದು ನೋಡುತ್ತಾರೆಯೇ ಎಂದು ಕೇಳಿ.

ಈ ಕೊನೆಯ ಪ್ರಶ್ನೆಗೆ ಕಾರಣವಿದೆ. ನಾನು ದುಡಿದ ಒಂದು ಕಡೆ, ತೊಳೆದು ಒಣಗಿಸಿದ್ದ ಪಾತ್ರೆಯೊಳಗೆ ಬಿದ್ದ ಸ್ಪ್ಯಾನರ್ ತೆಗೆಯಲು ಸಹಾಯಕನೊಬ್ಬ ತಲೆ ಒಳಗೆ ಹಾಕಿದ. ಒಳಗೆ ನೈಟ್ರೋಜನ್ ತುಂಬಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎರಡು ಉಸಿರಿನಲ್ಲಿ ಅವನು ಕುಸಿದ. ಪಕ್ಕದಲ್ಲಿದ್ದವನು ಸೊಂಟದ ಪಟ್ಟಿ ಹಿಡಿದು ಹೊರಗೆ ಎಳೆದುದರಿಂದ ಬದುಕಿದ. ಚೀಟಿಗೆ ಸಹಿ ಕಚೇರಿಯಲ್ಲಿ ಕುಳಿತೇ ಆಗಿತ್ತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲ್‌ನಲ್ಲಿ ಆದದ್ದನ್ನು ಪಠ್ಯದಲ್ಲಿ ಓದಿದ್ದ ನಾನು, ಅಂಥದ್ದರ ಬೇರು ಇಷ್ಟು ಸಣ್ಣ ಸಹಿಯಲ್ಲಿ ಇರುತ್ತದೆ ಎಂದು ಅಂದು ಕಂಡೆ. ಐದು ಸಾವಿರ ಹೆಚ್ಚು ಕೊಟ್ಟರೂ ಅಂಥ ಕಡೆ ಸೇರಬೇಡಿ. ಅಪಾಯವನ್ನು ಮೊದಲೇ ಕಂಡುಹಿಡಿಯುವ ಹ್ಯಾಜಾಪ್ ಅಧ್ಯಯನದಲ್ಲಿ ಕೂರಲು ಅವಕಾಶ ಸಿಕ್ಕರೆ ಬಿಡಬೇಡಿ. ಸುರಕ್ಷತೆ ಬಲ್ಲ ಪ್ರಕ್ರಿಯಾ ಎಂಜಿನಿಯರಿಗೆ ಎಂಟು-ಹತ್ತು ವರ್ಷದ ನಂತರ ಸಿಗುವ ಸಂಬಳ, ಅದೇ ಅನುಭವದ ಬೇರೆಯವರಿಗಿಂತ ಮೇಲಿರುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಊರಿಗೆ ಮರಳುವುದಾದರೆ

ಪುತ್ತರಿ ಹಬ್ಬಕ್ಕೆ ರಜೆ ಸಿಗದೆ ನಿಯಂತ್ರಣ ಕೊಠಡಿಯಲ್ಲಿ ಕಳೆದ ರಾತ್ರಿಗಳು ನನಗೆ ಎಂಟು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ ರಸ್ತೆ ಮುಚ್ಚಿದಾಗ ಮಂಗಳೂರಿನಿಂದ ಮನೆಗೆ ಬರಲಾಗಲಿಲ್ಲ. ಅಪ್ಪನ ದನಿ ಕೇಳಲು ನಾಲ್ಕು ದಿನ ಕಾದೆ. ಮರುವರ್ಷ ಕುಶಾಲನಗರದ ಕೆಲಸ ಒಪ್ಪಿಕೊಂಡೆ. ಸಂಬಳದಲ್ಲಿ ಮೂರರಲ್ಲಿ ಒಂದು ಭಾಗ ಬಿಟ್ಟುಕೊಟ್ಟೆ. ಬಿಟ್ಟುಕೊಡಲು ಸಾಧ್ಯವಾದದ್ದು ಅದಕ್ಕಿಂತ ಮೊದಲು ಹದಿನಾಲ್ಕು ವರ್ಷ ಹೊರಗೆ ದುಡಿದಿದ್ದರಿಂದ. ಓದು ಮುಗಿದ ಕೂಡಲೇ ಊರಿನಲ್ಲಿಯೇ ಕೆಲಸ ಬೇಕು ಎನ್ನುವವರಿಗೆ ಇಲ್ಲಿ ಸಿಗುವುದು ಹೆಚ್ಚಾಗಿ ಗುಣಮಟ್ಟ ಪರೀಕ್ಷೆಯ ಸಣ್ಣ ಹುದ್ದೆ. ಅಲ್ಲಿಂದ ಮೇಲೇಳುವುದು ಕಷ್ಟ.

ಹಾಗೆಂದು ಇಲ್ಲಿ ಕೆಲಸವೇ ಇಲ್ಲ ಎಂದಲ್ಲ. ಪಲ್ಪಿಂಗ್ ಮುಗಿದ ನೀರು ಹುಳಿಯಾಗಿರುತ್ತದೆ. ಅದು ತೋಡಿಗೆ ಹರಿದರೆ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ, ತೋಡು ಹಾರಂಗಿಗೆ, ಹಾರಂಗಿ ಕಾವೇರಿಗೆ. ಸುಣ್ಣ ಹಾಕಿ ಹುಳಿ ತಗ್ಗಿಸಿ, ಗಾಳಿಯಿಲ್ಲದ ಹೊಂಡದಲ್ಲಿ ಕೊಳೆಸಿ ಅನಿಲ ತೆಗೆದು, ಆಮೇಲೆ ಗಾಳಿಯಾಡಿಸಿ ಬಿಡುವ ಏರ್ಪಾಡನ್ನು ಒಂದೊಂದು ತೋಟಕ್ಕೆ ಒಂದೊಂದು ಅಳತೆಯಲ್ಲಿ ಮಾಡಬೇಕು. ಹೋಂಸ್ಟೇ, ರೆಸಾರ್ಟುಗಳ ಕೊಳಚೆ ನೀರಿಗೂ ಇದೇ ವಿದ್ಯೆ ಬೇಕು. ಈ ಕೆಲಸಕ್ಕೆ ಜಿಲ್ಲೆಯಲ್ಲಿ ಕೈಗಳು ಸಾಲುತ್ತಿಲ್ಲ, ಹೊರಗಿನಿಂದ ಕರೆಸುತ್ತಿದ್ದೇವೆ.

ನೋಡಬೇಕೆಂದಿರುವವರು ಡಿಸೆಂಬರ್ ಅಥವಾ ಜನವರಿಯಲ್ಲಿ ಬನ್ನಿ. ಬೆಳಿಗ್ಗೆ ಬಂದರೆ ಪಲ್ಪರ್ ನಿಂತಿರುತ್ತದೆ. ಕೊಯ್ದ ಹಣ್ಣು ತೂಕವಾಗಿ ಪಲ್ಪರ್ ಶುರುವಾಗುವುದು ಸಂಜೆ. ಕಾಲ್ಬೆರಳು ಮುಚ್ಚುವ ಬೂಟು ಹಾಕಿಕೊಳ್ಳಿ, ಒಂದು ನೋಟ್‌ಬುಕ್ ತನ್ನಿ. ಒಳಗೆ ಹೋದ ಹಣ್ಣಿನ ತೂಕ, ಬಳಸಿದ ನೀರು, ಹೊರಬಂದ ಬೀಜ, ಸಿಪ್ಪೆ ನಾಲ್ಕನ್ನೂ ನೀವೇ ಅಳೆದು ಬರೆಯಬೇಕು. ಲೆಕ್ಕ ಹೊಂದಿಕೆಯಾಗದಿದ್ದರೆ ಮರುದಿನ ಸಂಜೆ ಮತ್ತೆ ಅಳೆಯೋಣ.